ಗಳಗನಾಥರೂ ಅಗಡಿಯ ಸದ್ಬೋಧ ಚಂದ್ರಿಕೆಯೂ

ಕನ್ನಡ ಗದ್ಯಸಾಹಿತ್ಯದ ಚರಿತ್ರೆಯನ್ನು ಬರೆಯುವವರು ದಿವಂಗತ ಗಳಗನಾಥರಿಗೆ ಎರಡು ಬಿರುದುಗಳನ್ನು ಒಂದೇ ಉಸಿರಿನಲ್ಲಿ ಕೊಡುವದುಂಟು. ಅವರು ಕನ್ನಡ ಕಾದಂಬರಿಯ ಪಿತಾಮಹರೆಂಬದು ಒಂದು. ಅವರ ಕೃತಿಗಳಲ್ಲಿ ದೊಡ್ಡ ಭಾಗವು ಮರಾಠಿಯಿಂದ ಬಂದದ್ದೆಂಬದು ಇನ್ನೊಂದು. ಮೊದಲನೆಯದನ್ನು ಹೇಳಿ ಕೈಮುಗಿದು, ಎರಡನೆಯದನ್ನು ಹೇಳಿ ಪುಟವನ್ನು ತಿರುವಿ ಮುಂದಕ್ಕೆ ಹೋಗುವದು ರೂಢಿಯಾಗಿದೆ. ಮನೆಯ ಹಿರಿಯನೆಂದು ಕರೆಯಿಸಿಕೊಂಡವನು ಪರರ ಧನದಿಂದ ಸಂಸಾರ ಸಾಗಿಸಿದವನೂ ಆಗಿದ್ದರೆ, ಆ ಮನೆತನಕ್ಕೆ ತನ್ನದೆಂಬ ಆಸ್ತಿ ಏನುಂಟೆಂದು ಕೇಳಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ಗಳಗನಾಥರ ಜೀವಿತವನ್ನೂ ಅಗಡಿಯಿಂದ ಹೊರಟ ಮಾಸಪತ್ರಿಕೆಯನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವ ಸಂಕಲ್ಪವಿದೆ.

ಅವರ ನಿಜನಾಮಧೇಯವು ವೆಂಕಟೇಶ ತಿರಕೋ ಕುಲಕರ್ಣಿ ಎಂದು. ನಮ್ಮ ಪ್ರಾಂತದ ಪದ್ಧತಿಯಂತೆ ನಡುವಿನ ಹೆಸರು ತಂದೆಯದು. ೧೮೬೯ನೆಯ ಇಸವಿ ಜನವರಿ ೫ರಂದು ಇವರು ಹಾವೇರಿಯ ಸೀಮೆಯಲ್ಲಿರುವ ಗಳಗನಾಥವೆಂಬ ಗ್ರಾಮದಲ್ಲಿ ಹುಟ್ಟಿದರು. ಆಗ ಅದು ಧಾರವಾಡ ಜಿಲ್ಹೆಗೆ ಸೇರಿದ್ದಿತು. ಹಾವೇರಿಯು ಪ್ರತ್ಯೇಕ ಜಿಲ್ಹೆಯಾದದ್ದು ೧೯೯೭ರಲ್ಲಿ. ವರದೆಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ ಆ ಗ್ರಾಮವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಅಲ್ಲಿ ಹೊಳೆಯ ದಂಡೆಗೇ ನಿಂತಿದೆ. ಅದರ ಹೊರಗೋಡೆಯ ಬುಡಕ್ಕೆ ಮೇಲಿಂದ ಕೆಳಕ್ಕೆ ಅಗಲವಾಗುತ್ತ ಬರುವ ಇಳಿಜಾರು ಕಟ್ಟೆಯುಂಟು. ಅಂಥ ರಚನೆಯು ಬೇರೆ ಚಾಲುಕ್ಯ ಗುಡಿಗಳಲ್ಲಿ ವಿರಳ. ಕುಲನಾಮವನ್ನು ಬಿಟ್ಟು ಊರ ಹೆಸರನ್ನೇ ಕಾವ್ಯನಾಮವಾಗಿ ಇರಿಸಿಕೊಂಡವರಲ್ಲಿ ಇವರು ಮೊದಲಿಗರ ಸಾಲಿನವರು. ಊರ ದೇವರ ಹೆಸರೂ ಅದೇ ಆದದ್ದರಿಂದ, ಪುಸ್ತಕದ ಮುಖಪುಟದಲ್ಲಿ ‘ಗಳಗನಾಥ’ ಎಂಬದನ್ನು ಕಂಡ ಹಳ್ಳಿಯ ವಾಚಕನಿಗೆ ಅದು ಮನುಷ್ಯನ ಹೆಸರಿಗಿಂತ ಒಂದು ಕೈ ಹೆಚ್ಚಾಗಿಯೇ ಕಂಡಿರಬೇಕು.

ಇವರು ಶಿಕ್ಷಕರಾಗಿ ಜೀವನವನ್ನು ಆರಂಭಿಸಿದರು. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಹೊಂದಿ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದರು. ಆ ಕಾಲದ ಮುಂಬಯಿ ಇಲಾಖೆಯ ಕನ್ನಡ ಜಿಲ್ಹೆಗಳಲ್ಲಿ ಕನ್ನಡದ ಸ್ಥಿತಿಯು ಹೇಗಿದ್ದಿತೆಂಬದನ್ನು ಇಲ್ಲಿ ವಿಸ್ತರಿಸುವ ಅವಶ್ಯವಿಲ್ಲ. ಕಚೇರಿಯ ಮಾತು ಮರಾಠಿ, ಸುಶಿಕ್ಷಿತರ ಮನೆಯ ಪತ್ರವ್ಯವಹಾರ ಮರಾಠಿ, ಕೀರ್ತನೆಯೂ ಹಲವೆಡೆ ಮರಾಠಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದರು, ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಶಾಲೆಯಲ್ಲಿ ಕನ್ನಡ ಕಲಿತು ಹೊರಬಿದ್ದ ಹುಡುಗನು ಮುಂದೆ ಓದುವದೇನನ್ನು ಎಂಬದೇ ಆಗಿನ ತೊಡಕು. ಪಂಡಿತರಿಗೆ ಪಂಪ, ರನ್ನ, ಜೈಮಿನಿಗಳಿದ್ದರು, ಕೂಲಿಕಾರನಿಗೆ ಬಯಲಾಟವಿದ್ದಿತು, ನಡುವಿನವನು ಪುಣೆಯಿಂದ ಟಪಾಲಿನಲ್ಲಿ ಬರುವ ಮರಾಠಿ ಪುಸ್ತಕಕ್ಕೆ ಕೈಚಾಚುತ್ತಿದ್ದನು. ವಿದ್ಯಾವರ್ಧಕ ಸಂಘವು ಪಾರಿತೋಷಕಗಳನ್ನು ಕೊಟ್ಟು ಗ್ರಂಥಗಳನ್ನು ಬರೆಯಿಸಲು ಮುಂದಾದದ್ದು ಈ ಕೊರತೆಯನ್ನು ಕಂಡೇ. ಗಳಗನಾಥರ ಮೊದಲ ಕಾದಂಬರಿಯಾದ ‘ಪ್ರಬುದ್ಧ ಪದ್ಮನಯನೆ’ಯು ಆ ಸಂಘದ ಬಹುಮಾನವನ್ನು ಪಡೆದು ೧೮೯೮ರಲ್ಲಿ ಬೆಳಕಿಗೆ ಬಂದಿತು. ಮಂಗಳೂರಿನ ಕಡೆಯ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರದು, ಕೆರೂರ ವಾಸುದೇವಾಚಾರ್ಯರ ‘ಇಂದಿರೆ’ಯು ೧೯೦೮ರದು. ಮೈಸೂರು ಸೀಮೆಯಲ್ಲಿ ಮುನಸೀಫರಾಗಿದ್ದ ಬಿ. ವೆಂಕಟಾಚಾರ್ಯರು ಇವರೆಲ್ಲರಿಗಿಂತ ಮೊದಲೇ ಬಂಗಾಲಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದಿದ್ದರು. ಪೂರ್ವದಿಂದ ಬಂಗಾಲಿ, ಉತ್ತರದಿಂದ ಮರಾಠಿ, ಹೀಗೆ ಎರಡು ಕಾಲುವೆಗಳಿಂದ ನೀರು ಹರಿದು ನಮ್ಮ ಹೊಲವು ಹದವಾಯಿತೆಂಬದನ್ನು ಒಪ್ಪಿಕೊಳ್ಳುವದರಲ್ಲಿ ಮಾನಹಾನಿಯೇನೂ ಇಲ್ಲ. ಕಥಾಗ್ರಂಥಕ್ಕೆ ‘ಕಾದಂಬರಿ’ಯೆಂಬ ಹೆಸರೇ ನಮಗೆ ಮರಾಠಿಯ ಬಳಕೆಯಿಂದ ಬಂದದ್ದು. ನಾವು ಓದಿದ ಪಾಠಶಾಲೆಯಲ್ಲಿ ಕಾದಂಬರಿಯೆಂದರೆ ಬಾಣಭಟ್ಟನದು ಒಂದೇ. ಮಿಕ್ಕವೆಲ್ಲ ಕಾಲಹರಣದ ಸಾಧನಗಳೆಂದು ಗುರುಗಳ ಮತ. ಆ ಗುರುಗಳ ಮನೆಯ ಹೆಂಗಸರು ‘ಕಮಲಕುಮಾರಿ’ಯನ್ನು ಓದುತ್ತಿದ್ದರೆಂಬದು ಬೇರೆ ಮಾತು.

ಇನ್ನು ಅಗಡಿ. ಹಾವೇರಿಗೆ ಸಮೀಪದ ಈ ಗ್ರಾಮದಲ್ಲಿ ಶ್ರೀ ಶೇಷಾಚಲ ಸದ್ಗುರುಗಳ ಆಶ್ರಮವುಂಟು. ಅದಕ್ಕೆ ಆನಂದವನವೆಂದು ಹೆಸರು. ೧೯೦೭ರಲ್ಲಿ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಡತೊಡಗಿತು, ಗಳಗನಾಥರು ಅದರ ಸಂಪಾದನಭಾರವನ್ನು ವಹಿಸಿದರು. ಹೆಸರಿಗೆ ತಕ್ಕಂತೆ ಅದು ಧರ್ಮನೀತಿಗಳನ್ನು ಬೋಧಿಸುವ ಪತ್ರಿಕೆ. ಆದರೆ ಗಳಗನಾಥರು ಅದರಲ್ಲಿ ಕಾದಂಬರಿಯನ್ನು ತಿಂಗಳು ತಿಂಗಳಿಗೆ ಪ್ರಕರಣ ಪ್ರಕರಣವಾಗಿ ಅಚ್ಚುಮಾಡಿಸಿದರು. ಇದರ ಯುಕ್ತಿಯನ್ನು ಸ್ವಲ್ಪ ನಿಂತು ನೋಡಬೇಕು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು ೧೮೯೦ರಿಂದ ‘ಕರಮಣೂಕ’ವೆಂಬ ವಾರಪತ್ರಿಕೆಯಲ್ಲಿ ತಮ್ಮ ಕಾದಂಬರಿಗಳನ್ನು ಹೀಗೆಯೇ ಬಿಡಿಬಿಡಿಯಾಗಿ ಕೊಡುತ್ತಿದ್ದರು. ಆ ಪತ್ರಿಕೆಯ ಹೆಸರಿನ ಅರ್ಥವೇ ಮನರಂಜನೆ. ಪುಣೆಯಂಥ ಪಟ್ಟಣದಲ್ಲಿ ರಂಜನೆಯ ಹೆಸರಿನಿಂದ ವರ್ಗಣಿ ಬರುವದು ಸಾಧ್ಯ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸುತ್ತಿನ ಹಳ್ಳಿಗಳಲ್ಲಿ ಕಥೆಗಾಗಿ ದುಡ್ಡು ಕೊಡುವ ಗೃಹಸ್ಥನು ಎಲ್ಲಿದ್ದನು? ಸದ್ಗುರುಗಳ ಆಶ್ರಮದಿಂದ ಬರುವ ಸದ್ಬೋಧಕ್ಕೆ ಕೊಡಲು ಆತನ ಅಡ್ಡಿಯಿಲ್ಲ. ಹೀಗೆ ಪ್ರಸಾದದ ಪೊಟ್ಟಣದಲ್ಲಿ ಕಾದಂಬರಿಯು ದೇವರ ಮನೆಗೇ ನೇರವಾಗಿ ಪ್ರವೇಶಿಸಿತು. ಮನೆಯ ಯಜಮಾನನು ಉಪದೇಶದ ಲೇಖನಗಳನ್ನು ಓದಿ ಪತ್ರಿಕೆಯನ್ನು ಒಳಗೆ ಕಳಿಸಿದರೆ, ಒಳಗಿನವರು ಕಳೆದ ತಿಂಗಳು ನಿಂತ ಕಥೆಯು ಎಲ್ಲಿಗೆ ಬಂದಿತೆಂದು ಹುಡುಕುತ್ತಿದ್ದರು. ಗದ್ಯವನ್ನು ಗಟ್ಟಿಯಾಗಿ ಒಬ್ಬರು ಓದಿ ನಾಲ್ವರು ಕೇಳುವ ಪದ್ಧತಿಯು ಪುರಾಣಶ್ರವಣದಿಂದ ನಮ್ಮಲ್ಲಿ ಬೇರೂರಿದ್ದರಿಂದ, ಒಂದು ಪ್ರತಿಯ ವಾಚಕರನ್ನು ಒಬ್ಬನೆಂದು ಎಣಿಸಲಾಗದು.

ಕಾಲವೂ ವಿಚಿತ್ರವಾಗಿದ್ದಿತು. ೧೯೦೫ರ ವಂಗಭಂಗದಿಂದ ಸ್ವದೇಶೀ ಚಳವಳಿಯು ಎದ್ದಿದ್ದಿತು. ೧೯೦೮ರಲ್ಲಿ ಲೋಕಮಾನ್ಯ ಟಿಳಕರನ್ನು ಮಂಡಾಲೆಗೆ ಕಳಿಸಿದರು. ೧೯೧೦ರ ಮುದ್ರಣ ಕಾಯಿದೆಯು ಪತ್ರಿಕೆಗಳ ಕೊರಳನ್ನು ಹಿಡಿಯಿತು. ವರ್ತಮಾನವನ್ನು ಕುರಿತು ಮಾತಾಡುವದು ಅಪಾಯವಾಗಿದ್ದಾಗ ಭೂತಕಾಲವನ್ನು ಕುರಿತು ಮಾತಾಡುವದೊಂದೇ ಉಳಿಯಿತು. ತಾನಾಜಿಯು ೧೬೭೦ರಲ್ಲಿ ಕೊಂಡಾಣೆಯ ಕೋಟೆಯನ್ನೇರಿದ ಕಥೆಯನ್ನು ಓದಿದವನು ತನ್ನ ಕಾಲದ ಕೋಟೆ ಯಾವದೆಂಬದನ್ನು ಯಾರೂ ಹೇಳದೆ ತಿಳಿದುಕೊಳ್ಳುತ್ತಿದ್ದನು. ಆಪಟೆಯವರ ‘ಗಡ ಆಲಾ ಪಣ ಸಿಂಹ ಗೇಲಾ’ ಎಂಬ ಆ ಕೃತಿಯೇ ಗಳಗನಾಥರ ಕೈಯಲ್ಲಿ ‘ಕಮಲಕುಮಾರಿ’ಯಾಯಿತು. ಹೆಸರಿನ ಬದಲಾವಣೆಯನ್ನು ಗಮನಿಸಬೇಕು. ಮೂಲದ ಹೆಸರು ಕೋಟೆಯನ್ನೂ ವೀರನನ್ನೂ ಹೇಳುತ್ತದೆ. ಕನ್ನಡದ ಹೆಸರು ಶತ್ರುವಿನ ಸೆರೆಯಲ್ಲಿ ಶೀಲವನ್ನು ಕಾಪಾಡಿಕೊಂಡ ರಜಪೂತ ಸ್ತ್ರೀಯನ್ನು ಹೇಳುತ್ತದೆ. ಮಹಾರಾಷ್ಟ್ರದ ವಾಚಕನಿಗೆ ಸಿಂಹಗಡವು ಕಣ್ಣಮುಂದಿನ ಬೆಟ್ಟ. ಅಗಡಿಯ ವಾಚಕಿಗೆ ಅದು ದೂರದ್ದು, ಕಮಲಕುಮಾರಿಯ ಸಂಕಟವು ಹತ್ತಿರದ್ದು. ಅನುವಾದಕನು ಯಾರಿಗಾಗಿ ಬರೆಯುತ್ತಿದ್ದೇನೆಂಬದನ್ನು ಅರಿತಿದ್ದನೆಂಬದಕ್ಕೆ ಈ ಒಂದು ಸಂಗತಿಯೇ ಸಾಕು.

ಇಲ್ಲಿ ನಮ್ಮ ಆಲಂಕಾರಿಕರ ಒಂದು ವಿವೇಚನೆಯನ್ನು ನೆನೆಯುವದು ಉಚಿತ. ಆನಂದವರ್ಧನಾಚಾರ್ಯರು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಒಬ್ಬ ಕವಿಯ ಅರ್ಥವು ಇನ್ನೊಬ್ಬನ ಅರ್ಥಕ್ಕೆ ಹೋಲುವ ಬಗೆಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಕನ್ನಡಿಯ ಪ್ರತಿಬಿಂಬದಂತೆ, ಚಿತ್ರಪಟದ ಆಕಾರದಂತೆ, ಒಂದೇ ಮೈಕಟ್ಟಿನ ಇಬ್ಬರು ದೇಹಿಗಳಂತೆ. ಪ್ರತಿಬಿಂಬಕ್ಕೆ ಸ್ವಂತ ಆತ್ಮವಿಲ್ಲ, ಅದು ತ್ಯಾಜ್ಯ. ಚಿತ್ರಕ್ಕೆ ಇರುವ ಆತ್ಮವು ತುಚ್ಛವಾದದ್ದು. ಮೂರನೆಯದು ಮಾತ್ರ ಗ್ರಾಹ್ಯ, ಏಕೆಂದರೆ ಮುಖಸಾಮ್ಯವಿದ್ದರೂ ಜೀವವು ಬೇರೆ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇವಕ್ಕೆ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿ, ಮೂಲವು ಒಂದೇ ಆಗಿದ್ದರೂ ಪರಿಕರವೂ ಕಟ್ಟಡವೂ ತೀರ ಬೇರೆಯಾದಾಗ ಆ ಹೆಸರು ಸಲ್ಲುವದೆಂದು ಹೇಳುತ್ತಾನೆ. ಕನ್ನಡಸಾಹಿತ್ಯವನ್ನು ಈ ಒರೆಗಲ್ಲಿಗೆ ಹಚ್ಚಿದರೆ, ಅನುವಾದವೆಂಬ ಒಂದೇ ಮಾತಿನಿಂದ ಯಾರನ್ನೂ ಕೆಳಗಿಳಿಸಲಾಗುವದಿಲ್ಲ. ಪಂಪನಿಗೆ ವ್ಯಾಸನು ಮೂಲ, ಜನ್ನನಿಗೆ ವಾದಿರಾಜನು ಮೂಲ, ನಾಗವರ್ಮನ ಕಾದಂಬರಿಗೆ ಬಾಣನು ಮೂಲ. ಸಂಸ್ಕೃತದಿಂದ ತಂದರೆ ಕಾವ್ಯ, ಮರಾಠಿಯಿಂದ ತಂದರೆ ಸಾಲವೆಂಬ ನ್ಯಾಯವು ಯಾವ ಶಾಸ್ತ್ರದಲ್ಲಿದೆ? ಆದುದರಿಂದ ಕೇಳಬೇಕಾದದ್ದು ಗಳಗನಾಥರ ಯಾವ ಕೃತಿಯು ಈ ನಾಲ್ಕರಲ್ಲಿ ಯಾವ ಬಗೆಯದೆಂಬದನ್ನು. ಎಲ್ಲವೂ ಒಂದೇ ಬಗೆಯವಲ್ಲ. ಮರಾಠರ ಇತಿಹಾಸವನ್ನು ಕುರಿತ ಕೆಲವು ಕೃತಿಗಳು ಚಿತ್ರಪಟದ ಮಟ್ಟವನ್ನು ದಾಟಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ಹೇಳಬೇಕಾಗುತ್ತದೆ. ವಿಜಯನಗರದ ಕಥೆಗಳ ಮಾತು ಬೇರೆ.

‘ಕನ್ನಡಿಗರ ಕರ್ಮಕಥೆ’ಯು ಇವರ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಇದಕ್ಕೂ ಮೂಲವು ಆಪಟೆಯವರ ‘ವಜ್ರಾಘಾತ’ವೇ. ಅಳಿಯ ರಾಮರಾಜನು ಯೌವನದಲ್ಲಿ ಮೆಹರ್ಜಾನಳೆಂಬ ಮುಸಲ್ಮಾನ ಕನ್ಯೆಯನ್ನು ಪ್ರೀತಿಸಿ ಕೈಬಿಟ್ಟನು. ಅವಳಲ್ಲಿ ಹುಟ್ಟಿದ ರಣಮಸ್ತಖಾನನು ತಂದೆಯನ್ನರಿಯದೆ ವಿಜಾಪುರದ ಪಕ್ಷದಲ್ಲಿ ಬೆಳೆದು ತಂದೆಯ ನಾಶಕ್ಕೆ ನಿಮಿತ್ತನಾದನು. ಇದು ಕಥೆಯ ಎಲುಬು. ಆಪಟೆಯವರಿಗೆ ಇದು ಪರರಾಜ್ಯದ ದುರಂತ. ‘ವಜ್ರಾಘಾತ’ವೆಂದರೆ ಆಕಾಶದಿಂದ ಬಿದ್ದ ಸಿಡಿಲು, ಅದಕ್ಕೆ ಹೊಣೆ ಯಾರೂ ಅಲ್ಲ. ಗಳಗನಾಥರು ಅದನ್ನು ‘ಕರ್ಮಕಥೆ’ಯೆಂದು ಕರೆದೊಡನೆ ಸಿಡಿಲು ಕರ್ಮಫಲವಾಯಿತು, ಮಾಡಿದವರು ಅನುಭವಿಸಿದರೆಂದಾಯಿತು, ‘ಕನ್ನಡಿಗರ’ ಎಂಬ ಷಷ್ಠೀವಿಭಕ್ತಿಯಿಂದ ಆ ಕರ್ಮದ ಪಾಲು ಓದುವವನ ತಲೆಗೂ ಬಂದಿತು. ರಾಜಶೇಖರನ ನಾಲ್ಕನೆಯ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕನ್ನಡದಲ್ಲಿ ಹುಡುಕಬೇಕಾಗಿಲ್ಲವೆಂದು ನಾವು ಹೇಳುತ್ತಿದ್ದೆವು, ಕಟ್ಟಡವೂ ಅಷ್ಟೇ ಭಿನ್ನವಾಗಿದ್ದರೆ. ಕಟ್ಟಡವು ಬಹುಮಟ್ಟಿಗೆ ಮೂಲದ್ದೇ. ಭಿನ್ನವಾದದ್ದು ಅದರೊಳಗೆ ವಾಸಿಸುವ ದುಃಖ. ಆದಕಾರಣ ತುಲ್ಯದೇಹಿಯ ಬಗೆಯಲ್ಲಿ ಇದನ್ನು ಇರಿಸುವದು ಸರಿಯೆಂದು ತೋರುತ್ತದೆ.

ಪರಂತು ಇತಿಹಾಸದ ದೃಷ್ಟಿಯಿಂದ ಈ ಗ್ರಂಥವನ್ನು ಕುರಿತು ಹೇಳಬೇಕಾದದ್ದಿದೆ. ಸಾಹಿತ್ಯದ ಉಪಾಧ್ಯಾಯರು ಅದನ್ನು ತರಗತಿಯಲ್ಲಿ ಹೇಳದೆ ಬಿಡಬಾರದು. ೧೫೬೫ನೆಯ ಇಸವಿ ಜನವರಿ ೨೩ರಂದು ನಡೆದ ರಕ್ಕಸತಂಗಡಿಯ ಯುದ್ಧವನ್ನು ನಮ್ಮ ನಾಡಿನ ಎಷ್ಟೋ ಮಂದಿ ಗಳಗನಾಥರ ಕಣ್ಣುಗಳಿಂದಲೇ ಕಂಡಿದ್ದಾರೆ. ಮೆಹರ್ಜಾನಳೂ ರಣಮಸ್ತಖಾನನೂ ಕವಿಕಲ್ಪಿತರು. ಅವರನ್ನು ನಿಜವೆಂದು ನಂಬಿದವನು ಸಾಮ್ರಾಜ್ಯದ ಪತನಕ್ಕೆ ಒಬ್ಬನ ಯೌವನದ ದೋಷವೇ ಕಾರಣವೆಂದು ತಿಳಿದು ಸಮಾಧಾನಪಡುತ್ತಾನೆ. ನಡೆದ ಸಂಗತಿಯು ಇದಕ್ಕಿಂತ ಜಟಿಲವಾದದ್ದು. ರಾಮರಾಯನು ವಿಜಾಪುರ, ಅಹಮದನಗರ, ಗೋವಳಕೊಂಡಗಳ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಇಂದು ಒಬ್ಬನ ಸ್ನೇಹ ನಾಳೆ ಇನ್ನೊಬ್ಬನ ಸ್ನೇಹವೆಂಬ ನೀತಿಯಿಂದ ಇಪ್ಪತ್ತು ವರ್ಷಗಳವರೆಗೆ ದಕ್ಷಿಣಾಪಥವನ್ನು ಆಳಿದನು. ಗೋವಳಕೊಂಡದ ಇಬ್ರಾಹಿಮ ಕುತುಬಶಾಹನು ಪಟ್ಟವೇರುವ ಮೊದಲು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಿತನಾಗಿದ್ದವನು. ವಿಜಾಪುರದ ಅಲಿ ಆದಿಲಶಾಹನ ಸಂಗತಿಯು ಇನ್ನೂ ವಿಸ್ಮಯಕರವಾದದ್ದು. ರಾಮರಾಯನಿಗೆ ಪುತ್ರಶೋಕವು ಒದಗಿದಾಗ ಆ ಯುವಕ ಸುಲ್ತಾನನು ತಾನಾಗಿ ವಿಜಯನಗರಕ್ಕೆ ಬಂದು ಸಂತಾಪವನ್ನು ಸೂಚಿಸಿದನೆಂದೂ, ರಾಮರಾಯನ ಪತ್ನಿಯು ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ, ಹಿಂದಿರುಗುವಾಗ ರಾಮರಾಯನು ಕಳಿಸಲು ಹೊರಗೆ ಬರಲಿಲ್ಲವೆಂಬ ಅಸಮಾಧಾನವು ಅವನ ಮನಸ್ಸಿನಲ್ಲಿ ಉಳಿಯಿತೆಂದೂ ಫೆರಿಸ್ತನು ಬರೆದಿದ್ದಾನೆ. ಕಾದಂಬರೀಕಾರನು ಗುಪ್ತಪುತ್ರನೊಬ್ಬನನ್ನು ಕಲ್ಪಿಸುವದಕ್ಕೆ ಎಷ್ಟೋ ಮೊದಲೇ ಇತಿಹಾಸವು ಪುತ್ರಸ್ಥಾನದಲ್ಲಿದ್ದ ಒಬ್ಬನನ್ನು ರಾಮರಾಯನಿಗೆ ಎದುರಾಗಿ ನಿಲ್ಲಿಸಿದ್ದಿತು! ಕಲ್ಪನೆಯ ಬೀಜವು ಇಲ್ಲಿಯೇ ಇದ್ದೀತೆಂದು ನಮಗೆ ತೋರುತ್ತದೆ.

ಯುದ್ಧದ ಎರಡು ವರ್ಷಗಳ ತರುವಾಯ, ೧೫೬೭ರಲ್ಲಿ, ಹಾಳಾದ ಪಟ್ಟಣದಲ್ಲಿ ಏಳು ತಿಂಗಳು ಇದ್ದ ಸೀಸರ್ ಫ್ರೆಡರಿಕನೆಂಬ ಇಟಲಿಯ ವರ್ತಕನು, ರಾಮರಾಯನ ಸೈನ್ಯದ ಇಬ್ಬರು ಮುಸಲ್ಮಾನ ಸರದಾರರು ರಣರಂಗದಲ್ಲಿ ಪಕ್ಷಾಂತರ ಮಾಡಿದರೆಂದು ಬರೆದಿಟ್ಟಿದ್ದಾನೆ. ಈ ದ್ರೋಹದ ವಾರ್ತೆಯೇ ಕಾದಂಬರಿಯಲ್ಲಿ ದೊಡ್ಡದಾಗಿ ಬೆಳೆದಿದೆ. ಆದರೆ ವಿಜಯನಗರದ ಸೈನ್ಯದಲ್ಲಿ ಇಮ್ಮಡಿ ದೇವರಾಯನ ಕಾಲದಿಂದಲೂ ಮುಸಲ್ಮಾನ ಕುದುರೆ ಸವಾರರಿದ್ದರೆಂಬದನ್ನೂ, ಸುಲ್ತಾನರ ಸೈನ್ಯಗಳಲ್ಲಿ ಮರಾಠ ಸರದಾರರಿದ್ದರೆಂಬದನ್ನೂ ಅದರೊಡನೆ ಕೂಡಿಸಿ ಓದಿದರೆ, ಆ ದಿನದ ರಣಾಂಗಣವು ಕೇವಲ ಎರಡು ಮತಗಳ ಘರ್ಷಣೆಯಾಗಿ ಉಳಿಯುವದಿಲ್ಲ. ಅರವೀಡು ವಂಶದವರು ಪೆನುಗೊಂಡೆಯಿಂದ ರಾಜ್ಯವನ್ನು ಮುಂದುವರಿಸಿದರೆಂಬದೂ ಕರ್ಮಕಥೆಯ ವಾಚಕನಿಗೆ ಹೊಸ ಸುದ್ದಿಯೇ. ಕಥೆಯ ರಸಕ್ಕಾಗಿ ಪಾತ್ರಗಳನ್ನು ಕಲ್ಪಿಸುವ ಅಧಿಕಾರವು ಕವಿಗೆ ಉಂಟು. ಕಾಳಿದಾಸನು ಶಾಕುಂತಲದಲ್ಲಿ ದೂರ್ವಾಸನ ಶಾಪವನ್ನು ತಂದವನೇ ಅಲ್ಲವೇ? ಆದರೆ ದುಷ್ಯಂತನ ಕಥೆಯಿಂದ ಇಂದಿನ ನೆರೆಹೊರೆಯವರು ಒಬ್ಬರನ್ನೊಬ್ಬರು ಅಳೆಯುವದಿಲ್ಲ. ರಾಮರಾಜನ ಕಥೆಯಿಂದ ಅಳೆಯುತ್ತಾರೆ. ಐತಿಹಾಸಿಕ ಕಾದಂಬರಿಯನ್ನು ಪಾಠಹೇಳುವವನ ಹೊಣೆಯು ಬರೆದವನ ಹೊಣೆಗಿಂತ ಕಡಿಮೆಯದಲ್ಲವೆಂದು ನಾವು ಭಾವಿಸುತ್ತೇವೆ.

‘ಮಾಧವ ಕರುಣಾವಿಲಾಸ’ವು ೧೯೨೩ರದು, ಇದು ಅವರ ಸ್ವತಂತ್ರ ಕೃತಿ. ಪತನದ ಕಥೆಗೆ ಜತೆಯಾಗಿ ಉದಯದ ಕಥೆ. ವಿದ್ಯಾರಣ್ಯರ ಅನುಗ್ರಹದಿಂದ ವಿಜಯನಗರವು ಸ್ಥಾಪಿತವಾಯಿತೆಂಬ ಐತಿಹ್ಯವನ್ನು ಗಳಗನಾಥರು ಇಲ್ಲಿ ಸಂಪೂರ್ಣ ಶ್ರದ್ಧೆಯಿಂದ ಹರವಿದ್ದಾರೆ. ೧೯೦೦ರಲ್ಲಿ ರಾಬರ್ಟ ಸಿವೆಲ್ಲರು ಮರೆತುಹೋದ ಸಾಮ್ರಾಜ್ಯವೆಂದು ಕರೆದದ್ದನ್ನು ೧೯೧೭ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಕನ್ನಡಿಗರಿಗೆ ನೆನಪುಮಾಡಿಕೊಟ್ಟಿದ್ದಿತು, ಅಗಡಿಯವರೇ ಆದ ನಾ. ಶ್ರೀ. ರಾಜಪುರೋಹಿತರಂಥವರು ಸಂಶೋಧನೆಯ ದಾರಿಯಲ್ಲಿ ನಡೆದಿದ್ದರು. ಗಳಗನಾಥರು ಅದೇ ನೆನಪನ್ನು ಕಥೆಯ ದಾರಿಯಿಂದ ಒಯ್ದರು. ಆರು ವರ್ಷಗಳ ತರುವಾಯ, ೧೯೨೯ರಲ್ಲಿ, ಮುಂಬಯಿಯ ಫಾದರ್ ಹೆರಾಸರು ವಿದ್ಯಾರಣ್ಯರ ಐತಿಹ್ಯವು ಹದಿನಾರನೆಯ ಶತಮಾನದಲ್ಲಿ ಶೃಂಗೇರಿಯಲ್ಲಿ ಕಲ್ಪಿತವಾದದ್ದೆಂದು ವಾದಿಸಿದರು, ಪ್ರತಿವಾದಗಳೂ ಹುಟ್ಟಿದವು. ಆ ವಾದದ ಗೆಲವು ಸೋಲುಗಳಿಂದ ಈ ಕಾದಂಬರಿಯ ಬೆಲೆಯು ಏರುವದೂ ಇಲ್ಲ, ಇಳಿಯುವದೂ ಇಲ್ಲ. ಇದರಲ್ಲಿ ರಾಜ್ಯವನ್ನು ಕಟ್ಟುವವರು ಹಕ್ಕಬುಕ್ಕರಾದರೂ ಕಥೆಯ ಕೇಂದ್ರವು ರಾಜ್ಯವನ್ನು ಬೇಡದ ಒಬ್ಬ ಯತಿ. ಆಪಟೆಯವರ ಕಾದಂಬರಿಗಳಲ್ಲಿ ಇಂಥ ಕೇಂದ್ರವಿಲ್ಲ. ಆನಂದವನದ ಸಾನ್ನಿಧ್ಯದಲ್ಲಿ ವರ್ಷಗಟ್ಟಲೆ ಪತ್ರಿಕೆಯನ್ನು ನಡೆಯಿಸಿದವರಿಗೆ ಗುರುವೆಂಬವನು ಕಲ್ಪನೆಯ ವಸ್ತುವಾಗಿರಲಿಲ್ಲ, ದಿನದ ಅನುಭವವಾಗಿದ್ದನು. ಅವರ ಸ್ವಂತ ಆಸ್ತಿ ಯಾವದೆಂದು ಕೇಳಿದವರಿಗೆ ಈ ಗ್ರಂಥವನ್ನು ತೋರಿಸಬಹುದು.

ದೋಷಗಳನ್ನು ಮುಚ್ಚಿಡುವದು ಗೌರವವಲ್ಲ. ಗಳಗನಾಥರ ಕಥೆಯು ಓಡುತ್ತಿರುವಾಗಲೇ ನಿಂತು ವಾಚಕನನ್ನು ಕರೆದು ಉಪದೇಶಕ್ಕೆ ತೊಡಗುತ್ತದೆ. ಪುರಾಣಿಕನು ಒಂದು ಶ್ಲೋಕಕ್ಕೆ ಒಂದು ತಾಸು ಅರ್ಥ ಹೇಳುವಂತೆ ಒಂದು ಪ್ರಸಂಗಕ್ಕೆ ಎರಡು ಪುಟ ನೀತಿಯು ಬರುತ್ತದೆ. ಸ್ತ್ರೀಯರು ಪತಿವ್ರತೆಯರು ಇಲ್ಲವೆ ಕುಟಿಲೆಯರು, ನಡುವಿನವರು ಕಡಿಮೆ. ವಾಕ್ಯಗಳಲ್ಲಿ ಮರಾಠಿಯ ನೆರಳು ಅಲ್ಲಲ್ಲಿ ಉಳಿದಿದೆ. ಆದರೆ ಮಾತುಕತೆಯು ಬಂದಾಗ ಅದೇ ಲೇಖನಿಯು ಹಗುರಾಗುತ್ತದೆ. ಸಂಸ್ಕೃತಪದಗಳ ಸಾಲಿನ ಮಧ್ಯದಲ್ಲಿ ಹಾವೇರಿಯ ಕಡೆಯ ಮನೆಮಾತಿನ ಒಂದು ತುಂಡು ತಟ್ಟನೆ ಕಾಣಿಸಿಕೊಂಡು ಮುಖದ ಮೇಲೆ ಗಾಳಿ ಬೀಸಿದಂತಾಗುತ್ತದೆ. ಉದ್ದವಾದ ಗದ್ಯವಾಕ್ಯವನ್ನು ದಣಿವಿಲ್ಲದೆ ಓದಿಸುವ ಹದವು ಕನ್ನಡಕ್ಕೆ ಬಂದದ್ದು ಇಂಥ ಗ್ರಂಥಗಳಲ್ಲಿ ಕೈ ಪಳಗಿದ ಮೇಲೆ. ‘ನಿಬಂಧ ಶಿಕ್ಷಣ’, ‘ಕನ್ಯಾ ಶಿಕ್ಷಣ’, ‘ಕುಟುಂಬ’ ಮೊದಲಾದ ಅವರ ನಿಬಂಧಗ್ರಂಥಗಳನ್ನು ಈಗ ಓದುವವರು ವಿರಳ. ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತ ಅವರ ಮತಗಳಲ್ಲಿ ಹಲವು ಇಂದು ಒಪ್ಪತಕ್ಕವಲ್ಲ. ಆದರೆ ಹೆಣ್ಣುಮಕ್ಕಳನ್ನು ವಾಚಕರೆಂದು ಎದುರಿಗೆ ಕೂಡಿಸಿಕೊಂಡು ಬರೆದದ್ದೇ ಆ ಕಾಲಕ್ಕೆ ದೊಡ್ಡ ಸಂಗತಿ.

ಪುಸ್ತಕವನ್ನು ಬರೆದು ಮುದ್ರಿಸಿದರೆ ಕೆಲಸವು ಅರ್ಧವಾದಂತೆ. ಅಂಗಡಿಗಳಿಲ್ಲದ ನಾಡಿನಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಈ ಸಂಗತಿಯನ್ನು ಹೇಳುವಾಗ ಎಲ್ಲರೂ ಕರುಣೆಯಿಂದ ಹೇಳುತ್ತಾರೆ. ಕರುಣೆಗೆ ಇದರಲ್ಲಿ ಅವಕಾಶವಿದ್ದರೂ ಇನ್ನೊಂದು ಮಗ್ಗಲೂ ಉಂಟು. ತನ್ನ ಪುಸ್ತಕವನ್ನು ಕೊಳ್ಳುವವನ ಮುಖವನ್ನು ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿದ ಲೇಖಕನಿಗೆ, ಯಾವ ಪ್ರಕರಣದಲ್ಲಿ ಜನರು ಅತ್ತರು, ಯಾವದರಲ್ಲಿ ಆಕಳಿಸಿದರು ಎಂಬದು ಬಾಯಿಂದ ಬಾಯಿಗೆ ತಿಳಿದುಬಂದೀತು. ಮುಂದೆ ಅವರು ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಯಿಸಿದರು. ಚಿತ್ರದುರ್ಗದ ಪಾಳೆಯಗಾರರ ಕಥೆಯಾದ ‘ದುರ್ಗದ ಬಿಚ್ಚುಗತ್ತಿ’ಯೂ ಅವರದೇ. ೧೯೩೬ರಲ್ಲಿ ವಿಜಯನಗರದ ಆರನೆಯ ಶತಮಾನೋತ್ಸವವು ಹಂಪೆಯಲ್ಲಿ ನಡೆದಾಗ ಅವರು ಜೀವಿಸಿದ್ದರು. ೧೯೪೨ರ ಏಪ್ರಿಲ್ ೨೨ರಂದು ಕಾಲವಾದರು. ಕರ್ನಾಟಕದ ಏಕೀಕರಣವು ಇನ್ನೂ ಹದಿನಾಲ್ಕು ವರ್ಷ ದೂರವಿದ್ದಿತು.

ಅವರ ಕಾದಂಬರಿಗಳು ಪತ್ರಿಕೆಯಲ್ಲಿ ತಿಂಗಳ ಕಂತಾಗಿ ಬಂದ ಪಾಠವನ್ನೂ ಪುಸ್ತಕವಾದ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೋಧಿಸುವ ಕಾರ್ಯವು ಹಳೆಯ ಕಾವ್ಯಗಳ ಓಲೆಪ್ರತಿಗಳ ಪರಿಶೋಧನೆಗಿಂತ ಕಿರಿದಾದದ್ದೆಂದು ತಿಳಿಯಬೇಕಾಗಿಲ್ಲ. ಎಲ್ಲಿ ಉಪದೇಶವು ಬೆಳೆಯಿತು, ಎಲ್ಲಿ ಮರಾಠಿಯ ವಾಕ್ಯವು ಕನ್ನಡಕ್ಕೆ ಒಗ್ಗಿತು, ಕಂತು ನಿಲ್ಲುವ ಕಡೆ ಕಥೆಯನ್ನು ಹೇಗೆ ತಡೆದು ಹಿಡಿದರು ಎಂಬ ಪ್ರಶ್ನೆಗಳಿಗೆ ಉತ್ತರವು ಅಲ್ಲಿ ದೊರೆಯಬೇಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹಳೆಯ ಮನೆಗಳ ಅಟ್ಟಗಳಲ್ಲಿ ‘ಸದ್ಬೋಧ ಚಂದ್ರಿಕೆ’ಯ ಹೊಲಿದಿಟ್ಟ ವರ್ಷದ ಕಟ್ಟುಗಳು ಉಳಿದಿದ್ದರೆ, ಈ ಭಾಗದ ಉಪಾಧ್ಯಾಯರು ಅವುಗಳನ್ನು ಗೆದ್ದಲಿಗಿಂತ ಮೊದಲೇ ತಲುಪಿ, ಸಂಪುಟ ಮತ್ತು ಸಂಚಿಕೆಗಳ ಕ್ರಮದಲ್ಲಿ ಪಟ್ಟಿಯನ್ನು ಸಿದ್ಧಪಡಿಸಿ ಈ ತ್ರೈಮಾಸಿಕಕ್ಕೆ ಕಳಿಸಬೇಕೆಂದು ಪ್ರಾರ್ಥನೆ.